ಸ್ಯಾಟಲೈಟಿಗೆ ತೋಟ ತೋರಿಸಿದ್ದು

ಮನುಷ್ಯ ಅನಾದಿ ಕಾಲದಿಂದ ತಾನು ಯಾರು, ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೇನೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಲೇ ಇದ್ದಾನೆ. ಇದಕ್ಕಾಗಿ ಕೆಲವರು ಮನೆ ಬಿಟ್ಟಿದ್ದಾರೆ, ಕೆಲವರು ಗಡ್ಡ ಬಿಟ್ಟಿದ್ದಾರೆ. ಆದರೆ ತಾನು ಈಗ ಎಲ್ಲಿದ್ದೇನೆ ಎಂಬ ಪ್ರಶ್ನೆಯನ್ನು ಯಾವ ಜ್ಞಾನಿಯೂ ಕೇಳಿಕೊಂಡಂತೆ ಕಾಣೆ. ಅದೊಂದು ಗೊತ್ತಿರುವ ವಿಷಯವೆಂದು ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ. ಹೋದ ಚಳಿಗಾಲದಲ್ಲಿ ಒಂದು ದಿನ ನನ್ನ ಹೆಂಡತಿಯ ಕಾಫಿ ತೋಟದ ನಟ್ಟನಡುವೆ, ಕುತ್ತಿಗೆಯ ಹಿಂದೆ ಚಗಳಿ ಇರುವೆ ಕಚ್ಚಿಸಿಕೊಂಡು ನಿಂತಿದ್ದಾಗ ನನ್ನ ಫೋನು, ನೀವು ನಿಮ್ಮ ಜಮೀನಿನ ಹೊರಗಿದ್ದೀರಿ ಎಂದು ಶುದ್ಧ ಕನ್ನಡದಲ್ಲಿ ತಿಳಿಸಿತು. ನಾನು ಒಳಗೇ ಇದ್ದೇನೆ ಎನ್ನಲು ನನಗಿದ್ದ ಸಾಕ್ಷಿ ಆ ಇರುವೆ ಒಂದೇ.

ವಿಷಯವನ್ನು ಮೊದಲಿನಿಂದ ಹೇಳಿದರೇ ಸರಿ. ಬಾಳೂರಿನಿಂದ ಕೆಳಗೆ, ಹೊಳೆಯ ಬದಿಯಲ್ಲಿ, ನನ್ನ ಹೆಂಡತಿ ಸುಶೀಲೆಗೆ ಅವಳ ತಂದೆ ಕೊಟ್ಟ ಒಂದಷ್ಟು ತೋಟವಿದೆ. ಅದನ್ನು ಎಸ್ಟೇಟು ಎಂದು ಕರೆದರೆ ನಿಜವಾದ ಎಸ್ಟೇಟಿನವರು ನಗುತ್ತಾರೆ. ಹಿತ್ತಿಲು ಎಂದು ಕರೆದರೆ ಸುಶೀಲೆ ನನ್ನೊಡನೆ ಮಾತು ಬಿಡುತ್ತಾಳೆ. ಆದ್ದರಿಂದ ಇಬ್ಬರಿಗೂ ಬೇಸರವಾಗದಂತೆ ನಾವು ಅದನ್ನು ಕೆಳಗಿನ ತುಂಡು ಎನ್ನುತ್ತೇವೆ. ಅಲ್ಲಿನ ಅರೇಬಿಕಾ ಗಿಡಗಳನ್ನೆಲ್ಲ ನನ್ನ ಮಾವನವರು ನಿಂತು ನೆಡಿಸಿದ್ದು. ಕೆಲವನ್ನು ಆಳುಗಳ ಕೈಗೂ ಕೊಡದೆ ತಾವೇ ನೆಟ್ಟರಂತೆ. ಸುಶೀಲೆ ಆಗ ಚಿಕ್ಕವಳು; ಸಸಿಯ ಬುಟ್ಟಿ ಹಿಡಿದುಕೊಂಡು ಅವರ ಹಿಂದೆ ಹೋಗುತ್ತಿದ್ದಳಂತೆ. ಇಂಥ ತೋಟದ ಪಹಣಿಯನ್ನು ಹೋದ ವರ್ಷ ತೆಗೆಸಿ ನೋಡಿದರೆ, ಬೆಳೆಯ ಹೆಸರಿರಬೇಕಾದ ಜಾಗದಲ್ಲಿ 'ಬೀಳು' ಎಂದಿತ್ತು. ಬೀಳು ಎಂದರೆ ಇಲ್ಲಿ ಯಾರೂ ಏನೂ ಬೆಳೆದಿಲ್ಲ, ಹಾಗೇ ಬಿಟ್ಟಿದ್ದಾರೆ ಎಂದರ್ಥ. ಬೆಳೆ ಸಮೀಕ್ಷೆಗೆ ಜಾಗದಲ್ಲೇ ನಿಂತು ಫೋಟೋ ತೆಗೆಯಬೇಕು. ಆ ಫೋಟೋಕ್ಕಾಗಿ ಯಾರೂ ಅಷ್ಟು ಆಳಕ್ಕೆ ಇಳಿಯಲಿಲ್ಲವೋ, ಇಳಿದವರು ಹತ್ತುವ ಚಿಂತೆಯಲ್ಲಿ ಮರೆತರೋ ತಿಳಿಯದು. ಕಾಗದ ಮಾತ್ರ ಬೀಳು ಎಂದಿತು.

ಸುಶೀಲೆ ಅಂದು ಏನೂ ಹೇಳಲಿಲ್ಲ. ಇದು ಒಳ್ಳೆಯ ಲಕ್ಷಣವಲ್ಲವೆಂದು ಮದುವೆಯಾದವರಿಗೆ ನಾನು ವಿವರಿಸಬೇಕಾಗಿಲ್ಲ. ಮರುದಿನ ಬೆಳಿಗ್ಗೆ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟು, "ಬೀಳು ಜಾಗದ್ ಕಾಫಿ. ಆರ್‍ತದೆ, ಕುಡೀರಿ" ಎಂದಳು. ಅದರ ಮರುದಿನವೂ ಅಂದಳು. ನೆಂಟರು ಬಂದಾಗ, "ನಮ್ದು ಬೀಳು ಜಾಗದ್ದು, ರುಚಿ ಹೇಗಿದ್ಯೋ ಏನೋ" ಎಂದು ಅವರಿಗೂ ಕೊಟ್ಟಳು. ಇದನ್ನು ಹೇಗೋ ಸಹಿಸಿಕೊಂಡು ಹೋಗಬಹುದಿತ್ತು. ಆದರೆ ಕಳಸದಲ್ಲಿ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಅವಳ ದೊಡ್ಡಮ್ಮನ ಸೊಸೆ, ಎಲೆಯ ಮೇಲಿನ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ಹೌದೇನೇ ಸುಶೀಲಾ, ನಿಮ್ಮಪ್ಪನ ತೋಟ ಬೀಳು ಬಿಟ್ರಂತೆ?" ಎಂದು ಸಾಲಿಗೆಲ್ಲ ಕೇಳುವ ಹಾಗೆ ಕೇಳಿದರು. ಸುಶೀಲೆ ಹೋಳಿಗೆ ಅರ್ಧಕ್ಕೆ ಬಿಟ್ಟು ಎದ್ದಳು. ಜೀಪಿನಲ್ಲಿ ವಾಪಸು ಬರುವಾಗ ಬಾಳೂರಿನವರೆಗೆ ಕಿಟಕಿಯ ಕಡೆಗೇ ನೋಡುತ್ತಿದ್ದವಳು, ಅಲ್ಲಿ ಈ ಕಡೆ ತಿರುಗಿ, "ನೋಡಿ, ಈ ಸಲ ಅದ್ರಲ್ಲಿ ಕಾಫಿ ಅಂತ ಬರ್ಬೇಕು. ಇಲ್ದಿದ್ರೆ ನಾನಿನ್ನು ಯಾರ ಮದುವೆಗೂ ಬರೋಳಲ್ಲ" ಎಂದಳು. ಮದುವೆಗಳಿಗೆ ಹೋಗದೆ ಉಳಿಯುವ ಸಂಭವ ನನಗೆ ಸಾಕಷ್ಟು ಆಕರ್ಷಕವಾಗಿಯೇ ಕಂಡಿತು. ಆದರೆ ಅವಳ ಕಣ್ಣು ಕೆಂಪಾಗಿತ್ತು. ನಾನು ಆ ಸಂಭವವನ್ನು ಕೈಬಿಟ್ಟೆ.

ಈಗ ರೈತರೇ ತಮ್ಮ ಬೆಳೆಯ ಫೋಟೋ ತೆಗೆದು ಕಳಿಸಬಹುದು, ಅದಕ್ಕೊಂದು ಆಪ್ ಇದೆ, ಏನೂ ಕಷ್ಟವಿಲ್ಲ ಎಂದು ಎಲ್ಲರೂ ಹೇಳಿದರು. ಏನೂ ಕಷ್ಟವಿಲ್ಲ ಎಂದು ಹೇಳುವವರು ಸಾಮಾನ್ಯವಾಗಿ ಆ ಕೆಲಸವನ್ನು ಬೇರೆಯವರ ಕೈಯಲ್ಲಿ ಮಾಡಿಸಿದವರಾಗಿರುತ್ತಾರೆ. ವಿಧಾನವೇನೋ ಸರಳ. ಆಪ್ ತೆರೆದು ಸರ್ವೆ ನಂಬರು ಒತ್ತಿದರೆ ನಿಮ್ಮ ಜಮೀನಿನ ನಕ್ಷೆ ಗೆರೆ ಎಳೆದ ಹಾಗೆ ಬರುತ್ತದೆ. ನೀವಿರುವ ಜಾಗ ಒಂದು ನೀಲಿ ಚುಕ್ಕೆಯಾಗಿ ಕಾಣುತ್ತದೆ. ಚುಕ್ಕೆ ಗೆರೆಯೊಳಗಿದ್ದರೆ ಫೋಟೋ ತೆಗೆಯಲು ಬಿಡುತ್ತದೆ, ಹೊರಗಿದ್ದರೆ ಬಿಡುವುದಿಲ್ಲ. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿಕೊಂಡು ಕೆಳಗಿನ ತುಂಡಿಗೆ ಇಳಿದೆ. ಫೋಟೋ ನನ್ನದಲ್ಲ, ಗಿಡದ್ದು ಎಂಬುದು ನನಗೆ ಗೊತ್ತಿತ್ತು. ಆದರೂ ಸರ್ಕಾರದ ಕೆಲಸ. ಅತ್ಯುತ್ತಮವಾಗಿ ಹಣ್ಣಾಗಿದ್ದ ಗಿಡದ ಮುಂದೆ ನಿಂತು ಆಪ್ ತೆರೆದೆ. ಒಂದು ಬಿಳಿಯ ಉಂಗುರ ಸುತ್ತತೊಡಗಿತು. ಅದು ಸುತ್ತುತ್ತ ಸುತ್ತುತ್ತ ಇದ್ದ ಹಾಗೆ ಸೂರ್ಯ ಸಿಲ್ವರ್ ಮರದ ಈ ಕಡೆಯಿಂದ ಆ ಕಡೆಗೆ ಹೋದ. ಕೊನೆಗೆ ಚುಕ್ಕೆ ಮೂಡಿತು. ಮೂಡಿದ್ದು ಬೇಲಿಯಾಚೆ, ಪಕ್ಕದ ತೋಟದ ಹಾಲಪ್ಪನ ಕೊಟ್ಟಿಗೆಯ ಮೇಲೆ.

ಹಾಲಪ್ಪ ನನ್ನ ಜೊತೆ ಶಾಲೆಯಲ್ಲಿ ಓದಿದವನು. ಆಗಿನಿಂದಲೂ ನನಗೆ ಕಷ್ಟ ಬಂದಾಗ ಎಲ್ಲಿದ್ದರೂ ಬಂದು ನೋಡುವುದು ಅವನ ಪದ್ಧತಿ. ಸಹಾಯಕ್ಕೆಂದು ನಾನು ಹೇಳಲಿಲ್ಲ, ನೋಡುವುದು ಎಂದೆ. ಅಂದೂ ಬೇಲಿಯ ಹತ್ತಿರ ಬಂದು, "ಏನ್ ಮಾರಾಯ, ಹೊತ್ತಾರೆಯಿಂದ ಕೈಯಲ್ಲಿ ಕನ್ನಡಿ ಹಿಡ್ಕೊಂಡು ನಿಂತಿದ್ದೀಯಲ್ಲ?" ಎಂದ.

"ಕನ್ನಡಿಯಲ್ಲ, ಫೋನು. ಇದರ ಪ್ರಕಾರ ನಾನು ನಿಮ್ಮ ಕೊಟ್ಟಿಗೆಯಲ್ಲಿದ್ದೇನೆ" ಎಂದೆ.

"ಹೌದಾ? ಹಂಗಿದ್ರೆ ಹಾಲು ಕರ್‍ದು ಇಟ್ ಹೋಗು ಮಾರಾಯ. ನಮ್ಮನೆಯೋಳಿಗೆ ಸೊಂಟ ಹಿಡ್ಕೊಂಡಿದೆ."

ಆ ವಾರವೆಲ್ಲ ನಾನು ಕೆಳಗಿನ ತುಂಡಿನ ಮೂಲೆ ಮೂಲೆಯಲ್ಲಿ ನಿಂತೆ. ಚುಕ್ಕೆ ಒಮ್ಮೆ ಹಾಲಪ್ಪನ ಕಣದ ಮೇಲೆ ಕೂತಿತು, ಒಮ್ಮೆ ಹೊಳೆಯ ನೀರಿನಲ್ಲಿ ನಿಂತಿತು, ಒಮ್ಮೆ ಗುಡ್ಡದಾಚೆ ನಾನು ಜನ್ಮದಲ್ಲಿ ಕಾಲಿಡದ ಒಂದು ಕಾಡಿನೊಳಗೆ ಹೋಗಿ ಕೂತು, ಎಷ್ಟು ಕರೆದರೂ ಹೊರಗೆ ಬರಲಿಲ್ಲ. ಕೆಲವು ಸಲ ಅದರ ಸುತ್ತ ತಿಳಿನೀಲಿಯ ದೊಡ್ಡ ವೃತ್ತವೊಂದು ಹರಡುತ್ತಿತ್ತು. ಅದರೊಳಗೆ ನಮ್ಮ ತೋಟ, ಹಾಲಪ್ಪನ ತೋಟ, ಶಾಲೆ, ಸೊಸೈಟಿ ಎಲ್ಲವೂ ಬರುತ್ತಿದ್ದವು. ನೀವು ಇದರೊಳಗೆ ಎಲ್ಲೋ ಇದ್ದೀರಿ ಎಂದು ಅದರ ಅಭಿಪ್ರಾಯ. ಇಷ್ಟು ಹೇಳಲು ಆಕಾಶದಲ್ಲಿ ಅಷ್ಟೊಂದು ಯಂತ್ರಗಳನ್ನು ತಿರುಗಿಸಬೇಕಾಗಿತ್ತೇ? ನಮ್ಮೂರಿನ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು.

ಹೀಗೆಂದ ಕೂಡಲೇ ನ್ಯಾಯವಾಗಿ ಒಂದು ಮಾತು ಒಪ್ಪಿಕೊಳ್ಳಬೇಕಾಗುತ್ತದೆ. ನಮ್ಮ ಕಡೆಯವರು ದಾರಿ ಹೇಳುವುದರಲ್ಲಿ ಸ್ಯಾಟಲೈಟಿಗಿಂತ ಮೇಲೇನಲ್ಲ. ಬಾಳೂರಿನಲ್ಲಿ ಇಳಿದು ನಮ್ಮ ಮನೆ ಎಲ್ಲಿ ಎಂದು ಕೇಳಿ ನೋಡಿ. "ಹಿಂಗೇ ಹೋಗಿ, ಮೊದ್ಲು ದೊಡ್ಡ ಹಲಸಿನ ಮರ ಇತ್ತು, ಅಲ್ಲಿ ಎಡಕ್ಕೆ" ಎನ್ನುತ್ತಾರೆ. ಆ ಮರ ಬಿದ್ದು ಎಷ್ಟೋ ಕಾಲವಾಯಿತು. "ಆಮೇಲೆ ಲಾರಿ ಬಿದ್ದ ತಿರುವು ಸಿಗ್ತದೆ" ಎನ್ನುತ್ತಾರೆ. ಲಾರಿಯನ್ನು ಎತ್ತಿಕೊಂಡು ಹೋದವರ ಮೊಮ್ಮಕ್ಕಳು ಈಗ ಲಾರಿ ಓಡಿಸುತ್ತಿದ್ದಾರೆ. ಇಲ್ಲದ ಗುರುತುಗಳನ್ನು ಹಿಡಿದುಕೊಂಡು ಇರುವ ಮನೆಯನ್ನು ತಲುಪುವುದು ನಮ್ಮ ವಿಧಾನ; ಇರುವ ತೋಟದಲ್ಲಿ ನಿಂತವನನ್ನು ಇಲ್ಲದ ಕಡೆ ತೋರಿಸುವುದು ಫೋನಿನ ವಿಧಾನ. ವ್ಯತ್ಯಾಸವೆಂದರೆ ನಮ್ಮ ವಿಧಾನದಲ್ಲಿ ಕೊನೆಗೆ ಊಟ ಸಿಗುತ್ತದೆ.

ಸಮೀಕ್ಷೆಯ ಕೊನೆಯ ದಿನ ಹತ್ತಿರವಾಯಿತು. ಸುಶೀಲೆ ದಿನವೂ ಸಂಜೆ, "ಒಳಗೆ ಬಂತಾ?" ಎಂದು ಕೇಳುತ್ತಿದ್ದಳು. ದನ ಕೊಟ್ಟಿಗೆಗೆ ಬಂತೇ ಎಂದು ಕೇಳುವ ದನಿಯಲ್ಲೇ ಚುಕ್ಕೆಯನ್ನೂ ಕೇಳುತ್ತಿದ್ದಳು. ಬರಲಿಲ್ಲ ಎಂದು ಹೇಳಿ ಹೇಳಿ ನನಗೇ ನಾಚಿಕೆಯಾಗಿ ಮೂಡಿಗೆರೆಗೆ ಹೋದೆ. ಅಲ್ಲಿ ಮೊಬೈಲ್ ರಿಪೇರಿ ಮಾಡುವ ನಾಗರಾಜ ಎಂಬವನಿದ್ದಾನೆ. ಅವನು ಫೋನನ್ನು ಕೈಗೆ ತೆಗೆದುಕೊಳ್ಳುವ ರೀತಿಯಲ್ಲೇ, ಇಷ್ಟು ದಿನ ಏನು ಮಾಡುತ್ತಿದ್ದಿರಿ, ಮೊದಲೇ ಕರೆತರಬಾರದಿತ್ತೇ ಎಂಬ ಡಾಕ್ಟರ ಗದರಿಕೆ ಇರುತ್ತದೆ.

"ಸಾರ್, ಇದು ಎ-ಜಿಪಿಎಸ್ಸು" ಎಂದ. "ಅಂದ್ರೆ ಅಸಿಸ್ಟೆಡ್ಡು. ಫೋನು ತಾನೇ ಸ್ಯಾಟಲೈಟ್ ಹುಡ್ಕೋಕೆ ಹೋದ್ರೆ ತುಂಬ ಹೊತ್ತು ಹಿಡಿಯುತ್ತೆ. ಅದಕ್ಕೇ ಯಾವ ಸ್ಯಾಟಲೈಟು ಈಗ ಎಲ್ಲಿದೆ ಅಂತ ಮೊದ್ಲೇ ಇಂಟರ್‍ನೆಟ್ಟಲ್ಲಿ ತರಿಸ್ಕೊಳ್ಳುತ್ತೆ. ಆಮೇಲೆ ಸೀದಾ ಅಲ್ಲೇ ನೋಡುತ್ತೆ, ಬೇಗ ಸಿಗುತ್ತೆ. ನಿಮ್ ತೋಟದಲ್ಲಿ ನೆಟ್‌ವರ್ಕ್ ಇದ್ಯಾ?"

"ಇಲ್ಲ."

"ಆಕಾಶ ಕಾಣುತ್ತಾ?"

"ಕಾಫಿ ತೋಟದಲ್ಲಿ ಆಕಾಶ ಹೇಗೆ ಕಾಣುತ್ತದೆ ಮಾರಾಯ?"

ಅವನು ಫೋನಿನ ಬೆನ್ನು ಸವರಿ, "ಮತ್ತೆ ಪಾಪ, ಇದಾದ್ರೂ ಏನ್ ಮಾಡುತ್ತೆ" ಎಂದ. ಅಲ್ಲಿಗೆ ಅಪರಾಧಿ ನಾನೆಂದಾಯಿತು. ಆಕಾಶದಲ್ಲಿಯೂ ಶಿಫಾರಸಿಲ್ಲದೆ ಯಾರನ್ನೂ ಕಾಣಲಾಗುವುದಿಲ್ಲ ಎಂಬುದನ್ನು ನಾನು ಅಂದು ತಿಳಿದೆ. ತಾಲೂಕು ಕಚೇರಿಯಲ್ಲಿ ಸಾಹೇಬರು ಯಾವ ಕೋಣೆಯಲ್ಲಿದ್ದಾರೆಂದು ಬಾಗಿಲಲ್ಲಿ ನಿಂತವನು ಹೇಳಿದರೆ ಕೆಲಸ ಬೇಗ ಆಗುತ್ತದೆ. ಅವನು ಇಲ್ಲದಿದ್ದರೆ ಪ್ರತಿ ಬಾಗಿಲನ್ನೂ ತಳ್ಳಿ ನೋಡುತ್ತ ಹೋಗಬೇಕು. ಮೇಲೆಯೂ ಇದೇ ವ್ಯವಸ್ಥೆ.

ನಾಗರಾಜ ನನ್ನ ಫೋನಿನಲ್ಲಿ ಇನ್ನೂ ಹಲವು ದೋಷಗಳನ್ನು ಹೊರತೆಗೆದ. ಮೊದಲನೆಯದಾಗಿ ಗಡಿಯಾರ. ನಮ್ಮ ಮನೆಯಲ್ಲಿ ಎಲ್ಲ ಗಡಿಯಾರಗಳೂ ಮುಂದಿರುತ್ತವೆ. ಕಳಸದ ಬಸ್ಸು ತಪ್ಪಬಾರದೆಂದು ನನ್ನ ತಂದೆಯ ಕಾಲದಲ್ಲಿ ಮಾಡಿದ ಏರ್ಪಾಡು. ಫೋನು ಬಂದಾಗ ಅದನ್ನೂ ಮನೆಯ ಪದ್ಧತಿಗೆ ಸೇರಿಸಿಕೊಂಡಿದ್ದೆ. "ಟೈಮು ತಪ್ಪಿದ್ರೆ ಸ್ಯಾಟಲೈಟ್ ಲೆಕ್ಕಾನೇ ತಪ್ಪುತ್ತಲ್ಲ ಸಾರ್" ಎಂದು ಅವನು ಅದನ್ನು ಸರಿಮಾಡಿದ. ಎರಡನೆಯದು ಸುಶೀಲೆ ಚಿಕ್ಕಮಗಳೂರಿನಿಂದ ತಂದುಕೊಟ್ಟಿದ್ದ, ಪುಸ್ತಕದ ಹಾಗೆ ಮುಚ್ಚಿಕೊಳ್ಳುವ ಕವರು. ಅದರಲ್ಲಿ ಅಯಸ್ಕಾಂತ ಇದೆಯಂತೆ, ಫೋನಿಗೆ ದಿಕ್ಕೇ ತಪ್ಪುತ್ತದಂತೆ. ಅದನ್ನು ಬಿಚ್ಚಿಟ್ಟ. ಬ್ಯಾಟರಿ ಉಳಿಸುವುದೊಂದನ್ನು ನಾನು ಹಾಕಿಟ್ಟಿದ್ದೆ, ಅದನ್ನು ತೆಗೆದ. ಆಮೇಲೆ ಫೋನನ್ನು ಗಾಳಿಯಲ್ಲಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ತಿರುಗಿಸಬೇಕು ಎಂದು ತೋರಿಸಿದ. ಕೊನೆಗೆ ಒಂದು ಹೊಸ ಆಪ್ ಹಾಕಿಕೊಟ್ಟು, "ಇದ್ರಲ್ಲಿ ಸ್ಯಾಟಲೈಟ್ ಹಳೇ ಡೇಟಾ ಎಲ್ಲ ಕ್ಲಿಯರ್ ಮಾಡಿ, ಹೊಸದಾಗಿ ಡೌನ್‌ಲೋಡ್ ಕೊಡಿ, ಆಮೇಲೆ ನೋಡಿ" ಎಂದ. ಈ ವಾಕ್ಯದ ಪ್ರತಿಯೊಂದು ಭಾಗವನ್ನೂ ನಾನು ಗಮನವಿಟ್ಟು ಕೇಳಿದೆ. ಎಲ್ಲಿ ನಿಂತು ಮಾಡಬೇಕು ಎಂದು ಮಾತ್ರ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮರುದಿನ ಕೆಳಗಿನ ತುಂಡಿನಲ್ಲಿ ಹಣ್ಣು ಕುಯ್ಯುವ ಹೆಂಗಸರಿದ್ದರು. ಅವರ ಜೊತೆ ಮೇಸ್ತ್ರಿ ಶೇಷಪ್ಪನಿದ್ದ. ನಾನು ಯಾರ ಕಡೆಗೂ ನೋಡದೆ ಗಿಡಗಳ ನಡುವೆ ನಿಂತು, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಗಾಳಿಯಲ್ಲಿ ಎಂಟು ಬರೆಯತೊಡಗಿದೆ. ತಿರುಗಿಸಿದಷ್ಟೂ ಫೋನು ಇನ್ನೊಂದು ಸಲ, ಇನ್ನೊಂದು ಸಲ ಎಂದು ಕೇಳುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಹಣ್ಣು ಬುಟ್ಟಿಗೆ ಬೀಳುವ ಸದ್ದು ನಿಂತಿತು. ಶೇಷಪ್ಪ ತಲೆಯ ಮೇಲಿನ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡು, ಭಕ್ತಿಯಿಂದ ಹತ್ತಿರ ಬಂದ.

"ಗೌಡ್ರೇ, ತೋಟಕ್ಕೆ ದೃಷ್ಟಿ ತೆಗೀತಿದ್ದೀರಾ?"

"ಇಲ್ಲ ಮಾರಾಯ, ದಿಕ್ಕು ಸರಿಮಾಡ್ತಿದ್ದೇನೆ."

"ಅದೇ ಅಂದೆ. ದೃಷ್ಟಿಯಾದ್ರೆ ದಿಕ್ಕು ತಪ್ಪೋದು ಸಹಜ."

ಹಿಂದಿನಿಂದ ಒಬ್ಬಳು ಹೆಂಗಸು, "ಒಣಮೆಣಸಿನಕಾಯಿ ಇಲ್ದೆ ಬರೀ ಕೈಯಲ್ಲಿ ತೆಗುದ್ರೆ ಹೋಗ್ತದಾ?" ಎಂದಳು. ಇನ್ನೊಬ್ಬಳು, "ಗೌಡ್ರ ಮನೇಲಿ ಮೆಣಸಿನಕಾಯಿ ಇಲ್ವೇನೇ? ಅಮ್ಮಾವ್ರು ಕೊಟ್ಟಿರ್‍ಲಿಕ್ಕಿಲ್ಲ" ಎಂದಳು. ನಾನು ಗಾಂಭೀರ್ಯವನ್ನು ಬಿಡದೆ ಎಂಟನ್ನು ಮುಗಿಸಿ, ಹೊಸ ಆಪ್ ತೆರೆದು, ನಾಗರಾಜ ಹೇಳಿದಂತೆ ಹಳೆಯ ಡೇಟಾವನ್ನೆಲ್ಲ ಅಳಿಸಿಹಾಕಿದೆ. ಅಳಿಸುವುದಕ್ಕೆ ನೆಟ್‌ವರ್ಕ್ ಬೇಕಾಗಿಲ್ಲ. ಹೊಸದನ್ನು ತರಿಸುವುದಕ್ಕೆ ಬೇಕು. ಇದು ನನಗೆ ತಿಳಿದದ್ದು ಎರಡನೆಯದನ್ನು ಒತ್ತಿದಾಗ. ಅಲ್ಲಿಯವರೆಗೆ ನನ್ನ ಫೋನಿಗೆ ನಾನು ಹಾಲಪ್ಪನ ಕೊಟ್ಟಿಗೆಯಲ್ಲಿದ್ದೇನೆ ಎಂಬ ತಪ್ಪು ತಿಳಿವಳಿಕೆಯಾದರೂ ಇತ್ತು. ಈಗ ಅದೂ ಹೋಯಿತು. ಚುಕ್ಕೆಯೇ ಇಲ್ಲ. ಭೂಮಿಯ ಮೇಲೆ ನಾನು ಎಲ್ಲಿಯೂ ಇಲ್ಲ.

ಶೇಷಪ್ಪ ಫೋನಿನೊಳಗೆ ಇಣುಕಿ, "ಹೋಯ್ತಾ ಗೌಡ್ರೇ?" ಎಂದ.

"ಪೂರ್ತಿ ಹೋಯ್ತು" ಎಂದೆ.

"ಒಳ್ಳೇದಾಯ್ತು ಬಿಡಿ" ಎಂದು ಅವನು ಕೆಲಸಕ್ಕೆ ಹೋದ.

ನಮ್ಮ ಭಾಗದಲ್ಲಿ ನೆಟ್‌ವರ್ಕ್ ಎಂಬುದು ಊರಿಗೆಲ್ಲ ಹರಡಿರುವ ವಸ್ತುವಲ್ಲ. ಒರತೆಯ ನೀರಿನ ಹಾಗೆ ಅಲ್ಲಲ್ಲಿ ಹುಟ್ಟುತ್ತದೆ. ನಮ್ಮ ಮನೆಯಲ್ಲಿ ಕಣದ ಮೂಲೆಯ ನೀರಿನ ಟ್ಯಾಂಕಿನ ಪಕ್ಕ ಮಾತಾಡುವಷ್ಟು ಸಿಗುತ್ತದೆ, ಅದೂ ಬಲಗಿವಿಗೆ. ಹಾಲಪ್ಪನ ಮನೆಯಲ್ಲಿ ಬಚ್ಚಲ ಹಿಂದಿನ ಕಲ್ಲಿನ ಮೇಲೆ. ಇಂಟರ್‍ನೆಟ್ ಬೇಕಾದರೆ ಮಾತ್ರ ಎಲ್ಲರೂ ಮೇಲಿನ ರಸ್ತೆಯ ತಿರುವಿಗೇ ಹೋಗಬೇಕು. ಅಲ್ಲಿ ಯಾವಾಗಲೂ ಎರಡು ಮೂರು ಜೀಪು, ಸ್ಕೂಟರು ನಿಂತಿರುತ್ತವೆ. ಜನ ಕಣಿವೆಗೆ ಮುಖ ಮಾಡಿ ತಂತಮ್ಮ ಸಂಸಾರವನ್ನು ಕೂಗಿ ಹೇಳುತ್ತಿರುತ್ತಾರೆ. ಯಾರ ಮನೆಯಲ್ಲಿ ಯಾರಿಗೆ ಶುಗರ್ ಏರಿದೆ, ಯಾರ ಹುಡುಗಿಗೆ ಬಂದ ಹುಡುಗನಿಗೆ ಕೂದಲು ಕಮ್ಮಿ ಎಂಬುದೆಲ್ಲ ನನಗೆ ಅಲ್ಲಿಯೇ ತಿಳಿಯುವುದು. ಆ ತಿರುವಿಗೆ ಹೋಗಿ ಡೌನ್‌ಲೋಡ್ ಒತ್ತಿದೆ. ಆಯಿತು. ಚುಕ್ಕೆ ಕೂಡಲೇ ಮೂಡಿತು. ನಿಂತಿದ್ದ ತಿರುವಿನಲ್ಲೇ, ಹೆಜ್ಜೆಯಷ್ಟೂ ಆಚೀಚೆ ಇಲ್ಲದೆ ಮೂಡಿತು. ಆಕಾಶ ತೆರೆದಿದೆ, ಟವರ್ ಎದುರಿಗಿದೆ, ಎಲ್ಲವೂ ಸರಿಯಾಗಿದೆ, ನನ್ನ ತೋಟವೊಂದು ಅಲ್ಲಿಲ್ಲ.

ಹಿಂದೆ ಬೆಂಕಿಪೊಟ್ಟಣ ತೀರಿದ ದಿನ ಹೆಂಗಸರು ಪಕ್ಕದ ಮನೆಯಿಂದ ತೆಂಗಿನ ಕರಟದಲ್ಲಿ ಕೆಂಡ ತರುತ್ತಿದ್ದುದನ್ನು ನಾನು ನೋಡಿದ್ದೇನೆ. ಆರುವ ಮುಂಚೆ ಮನೆಯ ಒಲೆ ಸೇರಿಸಬೇಕೆಂದು ಊದುತ್ತ, ಓಡುತ್ತ ಬರುತ್ತಿದ್ದರು. ನಾನೂ ಹಾಗೆಯೇ ಬಲಗೈಯಲ್ಲಿ ಫೋನನ್ನು ಜೀಪಿನ ಕಿಟಕಿಯಿಂದ ಆಕಾಶಕ್ಕೆ ಹಿಡಿದು, ಎಡಗೈಯಲ್ಲಿ ಸ್ಟೇರಿಂಗ್ ಹಿಡಿದು ಕೆಳಗಿನ ತುಂಡಿಗೆ ಇಳಿದೆ. ಗೇರು ಬದಲಿಸಬೇಕಾದಾಗ ಏನು ಮಾಡಿದೆನೆಂದು ದಯವಿಟ್ಟು ಕೇಳಬೇಡಿ. ಎದುರಿಗೆ ಬಂದವರೆಲ್ಲ ನಾನು ತಮಗೆ ಕೈ ಬೀಸಿದೆನೆಂದು ತಿಳಿದು ಅವರೂ ಬೀಸಿದರು. ತೋಟದ ಗೇಟಿನವರೆಗೂ ಚುಕ್ಕೆ ನನ್ನ ಜೊತೆಗೇ ಬಂತು. ಮರಗಳ ಕೆಳಗೆ ಕಾಲಿಟ್ಟ ಕೂಡಲೇ ಅದು ಅಳುಕಿತು, ನಾಲ್ಕು ಹೆಜ್ಜೆ ಒಳಗೆ ಬಂತು, ನಿಂತು ಯೋಚಿಸಿತು, ಬೇಲಿ ಹಾರಿ ಹಾಲಪ್ಪನ ಕೊಟ್ಟಿಗೆಗೆ ಹೋಯಿತು.

ಆಗ ನನಗೆ ಸತ್ಯದ ದರ್ಶನವಾಯಿತು. ತೊಂದರೆ ಇರುವುದು ಫೋನಿನಲ್ಲಲ್ಲ, ಟವರಿನಲ್ಲಲ್ಲ. ಮೇಲಿನ ಸಿಲ್ವರು, ಹಾಲುವಾಣ, ಎಲ್ಲಕ್ಕಿಂತ ಹೆಚ್ಚಾಗಿ ತೋಟದ ನಡುವೆ ಛತ್ರಿಯ ಹಾಗೆ ಹರಡಿರುವ ಅತ್ತಿ ಮರ. ಇವು ಸ್ಯಾಟಲೈಟನ್ನು ಒಳಗೆ ಬಿಡುತ್ತಿಲ್ಲ. ಬಿಡಬಾರದೆಂದೇ ಅವನ್ನು ಬೆಳೆಸಿರುವುದು. ಅರೇಬಿಕಾಕ್ಕೆ ನೆರಳು ಬೇಕು. ಬೇಸಿಗೆಯ ಬಿಸಿಲು ನೇರವಾಗಿ ಬಿದ್ದರೆ ಗಿಡ ತಡೆಯುವುದಿಲ್ಲ. ಅದಕ್ಕೇ ನಮ್ಮಲ್ಲಿ ಕೊಂಬೆ ಸವರುವ ಕೆಲಸವನ್ನು, ಅಂದರೆ ಮರಗಸಿಯನ್ನು, ಮಳೆ ಹತ್ತಿರ ಬಂದಾಗ ಮಾಡುತ್ತಾರೆಯೇ ಹೊರತು ಬೇಸಿಗೆ ಎದುರಿಗಿಟ್ಟುಕೊಂಡು ಯಾರೂ ಮಾಡುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದೇ? ಈ ಬೆಟ್ಟಗಳಲ್ಲಿ ನಡೆಯಲು ಕಲಿತ ಎಲ್ಲರಿಗೂ ಗೊತ್ತು. ಆದರೆ ಸಮೀಕ್ಷೆಗೆ ಉಳಿದದ್ದು ಮರುದಿನ ಒಂದೇ. ಮನೆಗೆ ಹೋದರೆ, "ಒಳಗೆ ಬಂತಾ?" ಎಂಬ ಪ್ರಶ್ನೆ ಬಾಗಿಲಲ್ಲೇ ಕಾದಿರುತ್ತದೆ. ನಾನು ಶೇಷಪ್ಪನನ್ನು ಕರೆದು, ಅತ್ತಿ ಮರದ ಮೇಲಿನ ಕೊಂಬೆಗಳನ್ನು ನಾಳೆ ಬೆಳಿಗ್ಗೆ ತೆಗೆಸು ಎಂದೆ.

ಅವನು ನನ್ನ ಮುಖವನ್ನೇ ನೋಡಿದ. "ಈಗಾ?"

"ಈಗ."

"ಬಿಸ್ಲು ಬರ್ತದಲ್ಲ ಗೌಡ್ರೇ."

"ಬಿಸಿಲಿಗಲ್ಲ. ಸ್ಯಾಟಲೈಟ್ ಬರಲಿ ಅಂತ."

"ಅದು ಬರುವಾಗ ಬಿಸ್ಲು ಬಿಟ್ಟು ಬರ್ತದಾ?" ಎಂದ. ತರ್ಕ ಮಾಡುವ ಹೊತ್ತು ಅದಾಗಿರಲಿಲ್ಲ.

ಮರುದಿನ ಮರ ಹತ್ತುವವನು ಹತ್ತಿ ಕಡಿಯತೊಡಗಿದ. ಒಂದೊಂದು ಕೊಂಬೆ ಬಿದ್ದ ಹಾಗೆಲ್ಲ ತೋಟದ ಒಳಗೆ ಬೆಳಕು ದುಂಡಗೆ ಇಳಿಯುತ್ತ ಬಂತು. ನಾನು ತಿರುವಿಗೆ ಹೋಗಿ ಕೆಂಡ ತಂದೆ. ಈ ಸಲ ಸುಶೀಲೆಯೂ ಜೀಪಿನಲ್ಲಿದ್ದಳು. ಫೋನು ಹಿಡಿಯುವ ಕೆಲಸ ಅವಳಿಗೆ ಬಂದದ್ದರಿಂದ ಗೇರಿನ ಸಮಸ್ಯೆ ಬಗೆಹರಿಯಿತು. ತೋಟಕ್ಕೆ ಬಂದು ಆ ಕಿಂಡಿಯ ಕೆಳಗೆ ನಿಂತು ಅವಳು ಮೇಲೆ ನೋಡಿದಳು.

"ಇದನ್ನ ಯಾರು ಹೇಳಿದ್ದು ಕಡಿಯೋಕೆ?" ಎಂದಳು.

"ನಾನೇ."

"ಅಪ್ಪ ಇದ್ರಲ್ಲಿ ಒಂದು ಕೊಂಬೆ ತೆಗೀಬೇಕಾದ್ರೆ ಎರಡು ದಿನ ಯೋಚ್ನೆ ಮಾಡ್ತಿದ್ರು."

"ಅವರಿಗೆ ಕೊನೆಯ ದಿನಾಂಕ ಇರಲಿಲ್ಲ" ಎಂದೆ. ಹೇಳಿದ ಮೇಲೆ ಹೇಳಬಾರದಿತ್ತು ಎನ್ನಿಸಿತು. ಅವಳು ಫೋನನ್ನು ನನ್ನ ಕೈಗೆ ಕೊಟ್ಟಳು. ಉಂಗುರ ಸುತ್ತಿತು. ಹಣ್ಣು ಕುಯ್ಯುವವರು, ಶೇಷಪ್ಪ, ಮರದ ಮೇಲಿದ್ದವನು, ಎಲ್ಲರೂ ಕೆಲಸ ಬಿಟ್ಟು ನೋಡುತ್ತ ನಿಂತರು. ಚುಕ್ಕೆ ಮೊದಲು ಕೊಟ್ಟಿಗೆಯಲ್ಲಿ ಕಂಡಿತು. ಅಲ್ಲಿಂದ ಎದ್ದಿತು. ಬೇಲಿಗೆ ಬಂತು. ಬೇಲಿ ದಾಟಿ ಒಳಗೆ ಬಂದು, ನಾವು ನಿಂತ ಜಾಗದಲ್ಲಿ, ಅತ್ತಿ ಮರದ ಬುಡದಲ್ಲಿ ಕೂತಿತು. ಫೋಟೋ ತೆಗೆಯಬಹುದು ಎಂದು ಆಪ್ ಅನುಮತಿ ಕೊಟ್ಟಿತು.

"ಒಳಗೆ ಬಂತು!" ಎಂದು ನಾನು ಕೂಗಿದ ಸದ್ದಿಗೆ ಹಕ್ಕಿಗಳು ಎದ್ದವು. ಸುಶೀಲೆ ಒಂದು ಗಿಡದ ರೆಕ್ಕೆಯನ್ನು, ಅಂದರೆ ಅಡ್ಡಕೊಂಬೆಯನ್ನು, ಕೈಯಲ್ಲಿ ಎತ್ತಿ ಹಿಡಿದಳು, ಅದರ ಹಣ್ಣುಗಳು ಚೆನ್ನಾಗಿ ಕಾಣಲಿ ಎಂದು. ಆ ಗಿಡವನ್ನು ಅಪ್ಪ ನೆಡುವಾಗ ತಾನು ಬುಟ್ಟಿ ಹಿಡಿದುಕೊಂಡಿದ್ದೆನೋ ಏನೋ, ನೆನಪಿಲ್ಲ ಎಂದಳು. ನಾನು ಕ್ಲಿಕ್ಕಿಸಿದೆ. ಬೆಳೆ ಯಾವುದು ಎಂದು ಅದು ಕೇಳಿತು. ಕಾಫಿ ಎಂದು ಒತ್ತಿದೆ. ಸರಿಯಾಗಿ ಒತ್ತಿದೆನೇ ಎಂದು ಅವಳೂ ಕನ್ನಡಕ ಹಾಕಿಕೊಂಡು ನೋಡಿದಳು. ಅನಂತರ ಆ ಫೋಟೋವನ್ನು ಕಳಿಸಲು ಮತ್ತೆ ತಿರುವಿಗೆ ಹೋದೆವು.

ತಿರುವಿನಲ್ಲಿ ಹಾಲಪ್ಪ ತನ್ನ ಜೀಪಿಗೆ ಒರಗಿ, ಯಾರಿಗೋ ಮೆಣಸಿನ ರೇಟು ಕೂಗಿ ಹೇಳುತ್ತಿದ್ದ. ನಮ್ಮನ್ನು ಕಂಡು ಫೋನು ಇಟ್ಟು, "ಏನು ಮಾರಾಯ, ಈ ಬಿಸ್ಲಿಗೆ ಮರಗಸಿ ಮಾಡಿಸ್ತಿದ್ದೀಯಂತೆ! ತಲೆಗಿಲೆ ಕೆಟ್ಟಿದ್ಯಾ?" ಎಂದ. ನಾನು ಸ್ಯಾಟಲೈಟು, ಶಿಫಾರಸು, ಕೆಂಡ, ಕಿಂಡಿ, ಎಲ್ಲವನ್ನೂ ಸಾವಕಾಶವಾಗಿ ವಿವರಿಸಿ ಹೇಳಿದೆ. ಗೆದ್ದವನಿಗೆ ವಿವರಿಸುವ ಹಕ್ಕಿರುತ್ತದೆ. ಅವನು ಪೂರ್ತಿ ಕೇಳಿದ.

"ಅಲ್ವೋ, ನಿಮ್ ತುಂಡಿನ ಕೆಳಗಡೆ ಹೊಳೆ ಬದಿ ಹಾಸುಬಂಡೆ ಇಲ್ವಾ?"

"ಇದೆ."

"ಅದು ನಿಮ್ ಸರ್ವೆ ನಂಬರಲ್ಲೇ ಅಲ್ವಾ?"

"ಹೌದು."

"ಅಲ್ಲಿ ಆಕಾಶ ಕಾಣ್ತದಲ್ಲ ಮಾರಾಯ! ಬಂಡೆಗೆ ತಾಗಿ ಗಿಡಾನೂ ಇದೆ. ನಮ್ದೂ ಹಂಗೇ ಹೊಳೆ ಬದಿ ಬಂಡೆ ಮೇಲೆ ನಿಂತು ತೆಗ್ದೆ. ಒಂದ್ ಬೀಡಿ ಮುಗಿಯೋದ್ರೊಳಗೆ ಆಯ್ತು."

ಬಂಡೆಯನ್ನು ನಾನು ದಿನವೂ ನೋಡಿದ್ದೇನೆ. ಚುಕ್ಕೆಗಾಗಿ ಅಲೆದ ವಾರವೆಲ್ಲ ಅದರ ಮೇಲೆಯೇ ಕೂತು ದಣಿವಾರಿಸಿಕೊಂಡಿದ್ದೇನೆ, ಫೋನನ್ನು ಜೇಬಿನಲ್ಲಿಟ್ಟುಕೊಂಡು. ಆದರೆ ಕಾಫಿ ಬೆಳೆಯುವವನ ಕಣ್ಣಿಗೆ ಬಂಡೆ ತೋಟವಲ್ಲ. ತೋಟವೆಂದರೆ ಗಿಡವಿರುವ ಜಾಗ. ಬಂಡೆಯೆಂದರೆ ಗಿಡವಿಲ್ಲದ್ದರಿಂದ ಬೇಸರವಾಗುವ ಜಾಗ. ತೋಟದ ಫೋಟೋ ತೆಗೆಯಲು ತೋಟವಲ್ಲದ ಕಡೆ ನಿಲ್ಲಬಹುದೆಂದು ನನಗೆ ಹೊಳೆಯಲೇ ಇಲ್ಲ. ಇದನ್ನು ನಾನು ಹಾಲಪ್ಪನಿಗೆ ಹೇಳಹೋದೆ. ಅವನು ಆಗಲೇ ನಗಲು ಶುರುಮಾಡಿದ್ದ. ಸುಶೀಲೆ ನಗಲಿಲ್ಲ. ಫೋಟೋ ಹೋಯಿತೇ ಎಂದಷ್ಟೇ ಕೇಳಿದಳು. ಹೋಯಿತು ಎಂದೆ. ಜೀಪಿನಲ್ಲಿ ಹೋಗಿ ಕೂತಳು.

ಈ ಬೇಸಿಗೆ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮೊದಲ ಮಳೆ, ತಡವಾಯಿತು. ನಾನು ಅತ್ತಿ ಮರದ ಕೆಳಗಿನ ಗಿಡಗಳಿಗೆ ಪೈಪಿನಲ್ಲಿ ನೀರು ಬಿಡಿಸಿದೆ, ಮೇಲೆ ತೆಂಗಿನ ಗರಿಗಳ ಚಪ್ಪರ ಹಾಕಿಸಿದೆ. ಚಪ್ಪರ ನೋಡಿದ ಶೇಷಪ್ಪ, ಇದರ ಕೆಳಗೆ ಸ್ಯಾಟಲೈಟ್ ಬರುತ್ತದೆಯೇ ಎಂದು ನಿಜವಾದ ಕಾಳಜಿಯಿಂದ ಕೇಳಿದ. ಸುಶೀಲೆ ಸಂಜೆ ಹೊತ್ತು ಒಬ್ಬಳೇ ಅಲ್ಲಿಗೆ ಹೋಗಿ, ಎಲೆಗಳನ್ನು ತಿರುಗಿಸಿ ನೋಡಿ ಬರುತ್ತಿದ್ದಳು. ಬೆಳಗಿನ ಕಾಫಿಯನ್ನು ಈಗ ಬರೀ ಕಾಫಿ ಎಂದೇ ಕೊಡುತ್ತಾಳೆ.

ಹೊಸ ಪಹಣಿ ಬಂದಿದೆ. ಬೆಳೆಯ ಜಾಗದಲ್ಲಿ ಕಾಫಿ ಎಂದಿದೆ. ಫೋಟೋದಲ್ಲಿರುವ ಗಿಡ, ಅದರ ಸುತ್ತಲಿನವು ಬಿಸಿಲಿಗೆ ಸುಟ್ಟು ಒಣಗಿವೆ. ಮಳೆ ಹಿಡಿದ ಮೇಲೆ ಅಲ್ಲಿ ಬೇರೆ ಸಸಿ ನೆಡಬೇಕು.